ವಕೀಲ್ ಮಾಮ ಯಾರ ವಕೀಲರು?

ಓದದೆ ಸಹಿ ಹಾಕುವ ಕಾಯಿಲೆ ನೆಗಡಿಗಿಂತ ಹೆಚ್ಚು ಜನಕ್ಕೆ ಇದೆ. ನೆಗಡಿಯಾದರೆ ಮೂಗಾದರೂ ಸೋರುತ್ತದೆ, ಗೊತ್ತಾಗುತ್ತದೆ. ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ನಾವು ಬಾಗಿಲ ಹೊರಗೆ ನಿಂತಿರುತ್ತೇವೆ. ಕಾಲಕ್ಕನ ಕಥೆ ಹೇಳುತ್ತೇನೆ, ಕೇಳಿ. ಕೇಳಿಯಾದ ಮೇಲೆ 'ನಮ್ಮನೇಲಿ ಹಾಗೆಲ್ಲ ಆಗಲ್ಲ ಬಿಡಿ' ಅನ್ನಬೇಡಿ. ಆ ಮಾತನ್ನು ಮೊದಲು ಹೇಳಿದವಳೇ ಅವಳು.

ಕಾಲಕ್ಕ ಅಂದರೆ ಅವಳ ನಿಜವಾದ ಹೆಸರೇನಲ್ಲ. ಅವಳು ಕೃತಕ ಕಾಲು ಮಾಡುತ್ತಿದ್ದಳು. ಅಪಘಾತದಲ್ಲಿ, ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡವರು ಅವಳ ಕಾರ್ಖಾನೆಗೆ ಊರುಗೋಲಿನ ಮೇಲೆ ಬಂದು, ಎರಡು ಕಾಲಿನ ಮೇಲೆ ನಡೆದು ಹೋಗುತ್ತಿದ್ದರು. ಅವರೇ ಇಟ್ಟ ಹೆಸರು ಅದು. ಕಾರ್ಖಾನೆ ಅಂದರೆ ಹೊಗೆ ಕೊಳವೆ ಗೀಳವೆ ಏನಿಲ್ಲ. ಮುಂದೆ ಒಂದು ಹಜಾರ, ಹಿಡಿದುಕೊಂಡು ನಡೆದು ನೋಡಲು ಎರಡು ಕಬ್ಬಿಣದ ಕಂಬಿ, ಹಿಂದೆ ಪ್ಲಾಸ್ಟರ್ ಕಲಸುವ ಕೋಣೆ, ಪಕ್ಕದಲ್ಲಿ ಅಚ್ಚಿನ ಕೋಣೆ. ಅಚ್ಚಿನ ಕೋಣೆಯ ಗೋಡೆ ತುಂಬ ಹಲಗೆ, ಹಲಗೆ ತುಂಬ ಬಿಳಿ ಅಚ್ಚುಗಳು. ಪ್ರತಿ ಅಚ್ಚಿನ ಮೇಲೂ ಪೆನ್ಸಿಲ್‌ನಲ್ಲಿ ಗುರುತು: 'ಬ್ರೆಡ್ ಅಂಗಡಿಯಮ್ಮ, ಎಡ, ಮಂಡಿ ಕೆಳಗೆ, ಒಳಬದಿ ನೋವು'. ಒಬ್ಬರ ಕಾಲಿನ ಹಾಗೆ ಇನ್ನೊಬ್ಬರ ಕಾಲು ಇರುವುದಿಲ್ಲ, ಒಬ್ಬರ ನೋವು ಇನ್ನೊಬ್ಬರಿಗೆ ಹೊಂದುವುದಿಲ್ಲ. ಅದಕ್ಕೇ ಅಷ್ಟು ಅಚ್ಚು.

ಅಪ್ಪ ಕಟ್ಟಿದ ಕಾರ್ಖಾನೆ ಅದು. ಅಪ್ಪ ಹೋಗುವ ಮುಂಚೆ ಅದನ್ನು ಕಂಪನಿ ಮಾಡಿ, ಅಕ್ಕ ತಮ್ಮ ಇಬ್ಬರನ್ನೂ ಡೈರೆಕ್ಟರ್ ಮಾಡಿ ಹೋಗಿದ್ದರು. ಅಕ್ಕ ಕಾಲು ಮಾಡುತ್ತಿದ್ದಳು, ತಮ್ಮ ಹೊರಗಿನ ವ್ಯವಹಾರ ನೋಡಿಕೊಳ್ಳುತ್ತಿದ್ದ. ದೊಡ್ಡ ತೀರ್ಮಾನ ಏನೇ ಇದ್ದರೂ ಇಬ್ಬರೂ ಒಪ್ಪಬೇಕು ಅಂತ ಕಂಪನಿಯ ನಿಯಮದಲ್ಲೇ ಬರೆಸಿದ್ದರು. ಬರೆದವರು ವಕೀಲ್ ಮಾಮ. ಅಪ್ಪನ ಸ್ನೇಹಿತರು, ಕಂಪನಿ ಹುಟ್ಟಿದಾಗಿನಿಂದ ಅದರ ವಕೀಲರು. ರಕ್ತಸಂಬಂಧ ಏನಿಲ್ಲ. ಆದರೆ ಮಕ್ಕಳಿಬ್ಬರೂ ಅವರ ಹೆಗಲ ಮೇಲೆ ಕೂತು ಬೆಳೆದವರು, ಹಾಗಾಗಿ ಮಾಮ.

ಇನ್ನೊಂದು ಪದ್ಧತಿ ಇತ್ತು ಆ ಕಾರ್ಖಾನೆಯಲ್ಲಿ. ಎಂದೋ ಒಮ್ಮೆ ಅಪ್ಪ ಪ್ಲಾಸ್ಟರ್ ಕೈಯಲ್ಲೇ ಒಂದು ಅರ್ಜಿಗೆ ಸಹಿ ಹಾಕಿ, ಬಿಳಿ ಹೆಬ್ಬೆಟ್ಟಿನ ಕಲೆ ಬಿದ್ದು, ಕಂಪನಿ ನೋಂದಣಿ ಕಚೇರಿಯವರು ಅದನ್ನು ವಾಪಸ್ ಎಸೆದಿದ್ದರಂತೆ. ಅಲ್ಲಿಂದ ಮುಂದೆ ಒಂದು ಕಟ್ಟುಪಾಡು. ಸೋಮವಾರ ಬೆಳಗ್ಗೆ, ಪ್ಲಾಸ್ಟರ್ ಕಲಸುವ ಮುಂಚೆ, ಕೈ ಒಣಗಿರುವಾಗಲೇ, ವಾರಕ್ಕೆ ಬೇಕಾಗುವ ಕೊನೆ ಹಾಳೆಗಳಿಗೆಲ್ಲ ಸಹಿ ಹಾಕಿಡಬೇಕು. ಕೊನೆ ಹಾಳೆ ಅಂದರೆ ಬುಡದಲ್ಲಿ ಕಂಪನಿಯ ವಿಳಾಸ ಅಚ್ಚಾಗಿರುವ ಕಾಗದ. ಮೇಲೆಲ್ಲ ಖಾಲಿ, ಕೆಳಗೆ 'ಡೈರೆಕ್ಟರ್' ಅಂತ ಒಂದು ಗೆರೆ. ಆ ಗೆರೆಯ ಮೇಲೆ ಕಾಲಕ್ಕ ಸರಸರ ಸಹಿ ಎಳೆದು, ಮೇಜಿನ ಡ್ರಾಯರಿಗೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಇಳಿಯುತ್ತಿದ್ದಳು. ಮೇಲೆ ಏನು ಬರೆಯಬೇಕೋ ಅದನ್ನು ಮಾಮ ಬರೆದುಕೊಳ್ಳುತ್ತಿದ್ದರು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಕಾಲಕ್ಕನ ಪಕ್ಕದ ಮನೆಯ ಟೈಪಿಸ್ಟ್ ಇದನ್ನು ನೋಡಿ ಹೌಹಾರಿದಳು. ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು, ಜನರ ಅರ್ಜಿ ತುಂಬಿಕೊಡುವುದು ಅವಳ ಕಸುಬು. ಒಂದು ಸೋಮವಾರ ಸುಮ್ಮನೆ ಮಾತಾಡಿಸಲು ಕಾರ್ಖಾನೆಗೆ ಬಂದವಳು, ಸಹಿ ಮಾಡುತ್ತಿದ್ದ ಕೈಯನ್ನೇ ಹಿಡಿದುಕೊಂಡಳು.

"ಏನೇ ಇದು? ಖಾಲಿ ಹಾಳೆಗೆ ಸಹಿ ಹಾಕ್ತಿದ್ದೀಯಲ್ಲೇ!"

"ಬಿಡೇ, ಪ್ಲಾಸ್ಟರ್ ಗಟ್ಟಿಯಾಗುತ್ತೆ. ಇದು ಮಾಮನಿಗೆ ಹೋಗೋ ಹಾಳೆ."

"ಮಾಮ ಆದ್ರೇನು ಭಾವ ಆದ್ರೇನು? ಮೇಲ್ಗಡೆ ಯಾರು ಏನು ಬೇಕಾದ್ರೂ ಬರ್ಕೊಬಹುದಲ್ಲೇ. 'ನಾನು ಕುದುರೆ' ಅಂತ ಬರೆದ್ರೆ ನೀನು ಕುದುರೆ."

ಕಾಲಕ್ಕ ನಕ್ಕುಬಿಟ್ಟಳು. "ಅವರು ನಮ್ಮ ವಕೀಲರು ಕಣೆ. ನನ್ನನ್ನ ಎತ್ತಿ ಆಡಿಸಿದವರು."

"ಅಲ್ಲೇ ನೀನು ಎಡವೋದು. ಅವರು ನಿನ್ನ ವಕೀಲರಲ್ಲ. ಕಂಪನಿ ವಕೀಲರು."

"ಕಂಪನಿ ಅಂದ್ರೆ ಯಾರಮ್ಮ? ನಾನೂ ನನ್ನ ತಮ್ಮನೂ ತಾನೆ?"

"ಅಲ್ವೇ ಅಲ್ಲ. ಕಾನೂನಿನ ಕಣ್ಣಿಗೆ ನೀನೊಬ್ಬಳು, ನಿನ್ನ ತಮ್ಮ ಒಬ್ಬ, ಕಂಪನಿ ಅನ್ನೋದು ಮೂರನೇ ಆಸಾಮಿ. ಮಾಮ ಆ ಮೂರನೆಯವನ ಪರ. ನೀವು ಮೂವರೂ ಒಂದೇ ದಾರೀಲಿ ನಡೀತಿರೋವರೆಗೂ ವ್ಯತ್ಯಾಸ ಗೊತ್ತಾಗಲ್ಲ. ಜಗಳ ಬಂದ ದಿನ ಗೊತ್ತಾಗುತ್ತೆ."

"ಆ ಮೂರನೆಯವನು ಊಟಕ್ಕೆ ಎಲ್ಲಿ ಕೂರ್ತಾನೆ ಅಂತ ಹೇಳು, ಒಂದು ತಟ್ಟೆ ಜಾಸ್ತಿ ಇಡ್ತೀನಿ," ಅಂದಳು ಕಾಲಕ್ಕ. ತನ್ನ ಜೋಕಿಗೆ ತಾನೇ ಬಿದ್ದು ಬಿದ್ದು ನಕ್ಕಳು. "ನಮ್ಮನೇಲಿ ಹಾಗೆಲ್ಲ ಆಗಲ್ಲ ಬಿಡೇ."

ಟೈಪಿಸ್ಟ್ ನಗಲಿಲ್ಲ. "ಹಾಳಾಗಿ ಹೋಗಲಿ, ಕಚೇರಿಯ ದಾಖಲೇಲಿ ನಿನ್ನ ಫೋನ್ ನಂಬರಾದ್ರೂ ಕೊಟ್ಟಿದ್ದೀಯಾ? ನಿನ್ನ ಹೆಸರಲ್ಲಿ ಏನು ಬದಲಾದ್ರೂ ಆ ನಂಬರಿಗೆ ಸಂದೇಶ ಬರುತ್ತೆ," ಅಂದಳು. ಕಾಲಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಥದ್ದೆಲ್ಲ ತಮ್ಮ ನೋಡಿಕೊಳ್ಳುತ್ತಾನೆ ಅಂದುಬಿಟ್ಟಳು.

ಇದಾಗಿ ವರ್ಷ ತುಂಬಿರಲಿಲ್ಲ. ಒಂದು ದಿನ ತಮ್ಮ ಹೊಸ ಅಂಗಿ ಹಾಕಿಕೊಂಡು, ಮುಖ ಅರಳಿಸಿಕೊಂಡು ಬಂದ.

"ಅಕ್ಕಾ, ದೊಡ್ಡ ಕಂಪನಿಯವರು ನಮ್ಮ ಜೊತೆ ಸೇರ್ತಾರಂತೆ. ಇನ್ನು ಒಬ್ಬೊಬ್ಬರಿಗೆ ಅಳತೆ ತೆಗೆಯೋದು, ಅಚ್ಚು ಹಾಕೋದು, ಈ ಗೋಳೆಲ್ಲ ಇಲ್ಲ. ಯಂತ್ರ ಬರುತ್ತೆ. ಮೂರು ಅಳತೆ. ಸಣ್ಣದು, ಮಧ್ಯಮ, ದೊಡ್ಡದು. ಡಬ್ಬೀಲಿ ಹಾಕಿ ಎಲ್ಲ ಕಡೆ ಕಳಿಸೋದು."

"ಅದೇನು ಅಂಗಿನಾ?" ಅಂದಳು ಕಾಲಕ್ಕ.

"ಕಾಲ ಬದಲಾಗಿದೆ ಅಕ್ಕ."

"ಕಾಲ ಬದಲಾಗಿರಬಹುದು, ಜನರ ಕಾಲು ಬದಲಾಗಿಲ್ಲ. ಬ್ರೆಡ್ ಅಂಗಡಿಯಮ್ಮನಿಗೆ ಒಳಗಡೆ ಒಂದು ಬಟಾಣಿಯಷ್ಟು ಒತ್ತಿದ್ರೂ ಹುಣ್ಣಾಗುತ್ತೆ. ಅವಳಿಗೆ ಮಧ್ಯಮ ಕೊಡ್ತೀಯಾ? ಆಗಲ್ಲ. ನಾನು ಒಪ್ಪಲ್ಲ."

ತಮ್ಮನ ಮುಖ ಸುಟ್ಟ ಬದನೆಕಾಯಿಯಂತಾಯಿತು.

ಕಾಲಕ್ಕನಿಗೆ ತಳಮಳ. ಗಂಡನ ಹತ್ತಿರ ಹೇಳಿಕೊಂಡಳು. ಅವನು ಗಡಿಯಾರ ರಿಪೇರಿಯವನು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಲೋಕವೇ ಬೇಡ. "ಅಕ್ಕ ತಮ್ಮ, ಇವತ್ತು ಮುನಿಸು ನಾಳೆ ರಾಜಿ. ಮಾಮನ ಹತ್ರ ಹೋಗಿ ಹೇಳು, ಸರಿ ಮಾಡ್ತಾರೆ," ಅಂದ. ಅವಳಿಗೂ ಅದೇ ಸರಿ ಅನ್ನಿಸಿತು. ಹೋದಳು.

ಮಾಮನ ಕಚೇರಿಯಲ್ಲಿ ಮಾಮೂಲಿ ಕುರ್ಚಿ, ಮಾಮೂಲಿ ಕಾಫಿ. "ಯಾಕಮ್ಮಾ, ಸೊರಗಿದ್ದೀಯ?" ಅಂದರು. ಅಷ್ಟು ಸಾಕಾಯಿತು. ಅವಳು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿದಳು. ಡೈರೆಕ್ಟರುಗಳ ಸಭೆಯಲ್ಲಿ ತಾನು ಒಪ್ಪುವುದಿಲ್ಲ ಅಂದಳು. ಅಪ್ಪ ಬರೆಸಿದ ನಿಯಮ ಹಿಡಿದುಕೊಂಡು ಕೊನೆವರೆಗೂ ತಡೆಯುತ್ತೇನೆ, ಬೇಕಾದರೆ ಗಿರಾಕಿಗಳನ್ನೆಲ್ಲ ಕರೆತಂದು ಹಜಾರದಲ್ಲಿ ಕೂರಿಸುತ್ತೇನೆ ಅಂದಳು. ಮಾಮ ಒಂದೊಂದಕ್ಕೂ "ಹೂಂ, ಹೂಂ, ಆಮೇಲೆ?" ಅನ್ನುತ್ತ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.

"ತಮ್ಮನಿಗೆ ಹೇಳ್ಬೇಡಿ ಮಾಮ."

"ನೀನು ನೆಮ್ಮದಿಯಾಗಿ ಮನೆಗೆ ಹೋಗಮ್ಮ," ಅಂದರು ಮಾಮ.

ಗಮನಿಸಿ, ಅವರು 'ಹೇಳಲ್ಲ' ಅನ್ನಲಿಲ್ಲ. ಬಾಯಿ ತುಂಬ ಅಮ್ಮಾ ಅಮ್ಮಾ ಅಂದರೇ ಹೊರತು, 'ತಡಿ, ಇಂಥ ಮಾತು ನನ್ನ ಹತ್ತಿರ ಆಡಬೇಡ, ನಾನು ಕಂಪನಿಯ ವಕೀಲ, ನೀನು ನಿನಗೆ ಅಂತ ಬೇರೆಯವರನ್ನು ನೋಡಿಕೋ' ಅನ್ನಲಿಲ್ಲ. ಆ ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕು? ಕಾಫಿ ಆರುವಷ್ಟೂ ಬೇಡ. ಹೇಳುವುದು ಅವರ ಕರ್ತವ್ಯವಾಗಿತ್ತು. ಹೇಳಲಿಲ್ಲ.

ಮೂರು ವಾರ ಕಳೆಯಿತು. ಒಂದು ಗುರುವಾರ ಬೆಳಗ್ಗೆ ಕಾಲಕ್ಕ ಕಾರ್ಖಾನೆಗೆ ಹೋದರೆ ಬಾಗಿಲಿಗೆ ಬೇರೆ ಬೀಗ. ತನ್ನ ಕೀಲಿ ಹಾಕಿ ತಿರುಗಿಸಿದಳು, ಬೈದಳು, ಮತ್ತೆ ತಿರುಗಿಸಿದಳು. ಒಳಗಿನಿಂದ ತಮ್ಮ ಬಾಗಿಲನ್ನು ಒಂದು ಗೇಣು ತೆರೆದ.

"ಅಕ್ಕ, ನೀನು ಒಳಗೆ ಬರೋ ಹಾಗಿಲ್ಲ."

"ಏನೋ ತಮಾಷೆ ಇದು? ಸರಿ ಆಚೆ. ಬ್ರೆಡ್ ಅಂಗಡಿಯಮ್ಮ ಹತ್ತು ಗಂಟೆಗೆ ಬರ್ತಾಳೆ."

"ತಮಾಷೆ ಅಲ್ಲ. ನೀನೇ ರಾಜೀನಾಮೆ ಕೊಟ್ಟಿದ್ದೀಯ. ಕಚೇರೀಲಿ ದಾಖಲೂ ಆಗಿದೆ." ಅವಳ ಕಣ್ಣಿನಲ್ಲಿ ಕಣ್ಣಿಡದೆ, ಬಾಗಿಲ ಸಂದಿಯಿಂದ ಒಂದು ಹಾಳೆ ಚಾಚಿದ.

'ಆರೋಗ್ಯ ಸರಿಯಿಲ್ಲದ ಕಾರಣ ನಾನು ಸ್ವ ಇಚ್ಛೆಯಿಂದ ಡೈರೆಕ್ಟರ್ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ.' ಕೆಳಗೆ ಗೆರೆ. ಗೆರೆಯ ಮೇಲೆ ಅವಳದೇ ಸಹಿ, ಸೋಮವಾರದ ಅವಸರದ ಸಹಿ, ಬಾಲ ಮೇಲಕ್ಕೆ ಎಳೆದದ್ದು. ನಾನು ಹಾಕಿಲ್ಲ ಅನ್ನೋಣವೆಂದರೆ ಸಹಿ ತನ್ನದೇ. ಹಾಕಿದ್ದೇನೆ ಅನ್ನೋಣವೆಂದರೆ ಆ ಮಾತು ತನ್ನದಲ್ಲ. ಅವಳು ಬೀದಿಯಲ್ಲೇ ನಿಂತಳು. ಬಾಗಿಲು ಮುಚ್ಚಿತು.

ಅಲ್ಲಿಂದ ನೆಟ್ಟಗೆ ಮಾಮನ ಕಚೇರಿಗೆ ಓಡಿದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ನಂಬಿಕೆ, ಮಾಮನಿಗೆ ಇದು ಗೊತ್ತಿಲ್ಲ, ಗೊತ್ತಾದರೆ ತಮ್ಮನ ಕಿವಿ ಹಿಂಡುತ್ತಾರೆ. ಮಾಮ ಅವಳನ್ನು ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿದರು. ಆಮೇಲೆ ಒಳಗೆ ಕರೆದು, "ಬನ್ನಿ, ಕೂತ್ಕೊಳ್ಳಿ," ಅಂದರು.

ಹುಟ್ಟಿದಾಗಿನಿಂದ 'ಬಾ, ಕೂತ್ಕೋ' ಅಂದವರು 'ಬನ್ನಿ' ಅಂದರು. ಆ ಮರ್ಯಾದೆಯ ಮಾತು ಕೇಳಿ ಅವಳು ಕುರ್ಚಿಯ ತುದಿಯಲ್ಲಿ ಕೂತಳು.

"ನೋಡಿ, ನಾನು ಕಂಪನಿಯ ವಕೀಲ. ಈಗ ಈ ವಿಷಯದಲ್ಲಿ ನೀವು ಒಂದು ಕಡೆ, ಕಂಪನಿ ಒಂದು ಕಡೆ. ನಾನು ನಿಮ್ಮ ಜೊತೆ ಮಾತಾಡೋ ಹಾಗಿಲ್ಲ. ನೀವು ಬೇರೆ ವಕೀಲರನ್ನ ನೋಡ್ಕೊಳ್ಳಿ."

"ಮಾಮ, ಅವತ್ತು ನಾನು ನಿಮ್ಮ ಹತ್ರ ಬಾಯಿ ಬಿಟ್ಟು ಹೇಳಿದ್ದೆಲ್ಲ?"

"ಅದು ಕಂಪನಿಗೆ ಸಂಬಂಧಪಟ್ಟ ವಿಷಯ. ಕಂಪನಿಗೆ ತಿಳಿಸಿದ್ದೀನಿ."

"ಆ ರಾಜೀನಾಮೆ ನಾನು ಬರೆದದ್ದಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಸಹಿ ನಿಮ್ಮದು," ಅಂದರು ಮಾಮ. ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಮನೆಗೆ ಬಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಭೂತಗನ್ನಡಿ ತೆಗೆದು ಪಕ್ಕಕ್ಕಿಟ್ಟ. ಆದರೆ ಬುದ್ಧಿಯ ಮೇಲಿನ ಪೊರೆ ಇನ್ನೂ ತೆಗೆದಿರಲಿಲ್ಲ. "ಹೋಗ್ಲಿ ಬಿಡು. ಒಡಹುಟ್ಟಿದವನ ಮೇಲೆ ದೂರು ಕೊಟ್ರೆ ಜನ ಏನಂತಾರೆ? ಇಷ್ಟು ವರ್ಷ ದುಡಿದಿದ್ದೀಯ, ಆರಾಮವಾಗಿ ಮನೇಲಿರು," ಅಂದ.

"ನಾನು ಆರಾಮ ಕೇಳಿದ್ನಾ ರೀ?" ಅವಳು ಕಿರುಚಿದಳು. "ನನ್ನ ಅಚ್ಚುಗಳು ಒಳಗಿವೆ. ನನ್ನ ಕೆಲಸ ಒಳಗಿದೆ. ನನ್ನ ಹೆಸರಲ್ಲಿ ನನ್ನನ್ನೇ ಹೊರಗೆ ಹಾಕಿದ್ದಾರೆ. ಜನ ಏನಂತಾರೆ ಅಂತ ಕೇಳ್ತೀರಲ್ಲ, ನೀವೇನಂತೀರ ಹೇಳಿ!"

ಗೋಡೆಯಾಚೆ ಟೈಪಿಸ್ಟಿಗೆ ಕೇಳಿಸಿತು, ಅವಳು ಬಂದಳು. 'ನಾನು ಅವತ್ತೇ ಹೇಳಿದ್ದೆ' ಅಂತ ಅನ್ನಲಿಲ್ಲ, ಪುಣ್ಯಾತ್ಗಿತ್ತಿ. ಚಪ್ಪಲಿ ಹಾಕ್ಕೋ ಅಂದಳು.

ನೋಂದಣಿ ಕಚೇರಿಯಲ್ಲಿ ಯಾವ ಕಂಪನಿಯ ದಾಖಲೆಯನ್ನಾದರೂ ಯಾರು ಬೇಕಾದರೂ ಕೇಳಿ ನೋಡಬಹುದು. ಕಾಲಕ್ಕನಿಗೆ ಇಪ್ಪತ್ತು ವರ್ಷದಲ್ಲಿ ಅದು ಗೊತ್ತೇ ಇರಲಿಲ್ಲ. ನಕಲು ತೆಗೆಸಿದರು. ಅವಳ ಹೆಸರಿನ ಮುಂದೆ ಇದ್ದ ಫೋನ್ ನಂಬರು ತಮ್ಮನದು. 'ನಿಮ್ಮ ರಾಜೀನಾಮೆ ಬಂದಿದೆ, ಇದು ನಿಮ್ಮದಲ್ಲದಿದ್ದರೆ ಹದಿನೈದು ದಿನದೊಳಗೆ ತಿಳಿಸಿ' ಅಂತ ಕಚೇರಿ ಸಂದೇಶ ಕಳಿಸಿತ್ತು. ಆ ಸಂದೇಶ ತಮ್ಮನ ಜೇಬಿನಲ್ಲಿ ಬಂದು ಬಿದ್ದು, ಅಲ್ಲೇ ಸತ್ತಿತ್ತು. ಹದಿನೈದು ದಿನ ಮುಗಿದು ಮೂರು ದಿನ ಆಗಿತ್ತು.

ಟೈಪಿಸ್ಟ್ ಹಾಳೆಯನ್ನು ಬೆಳಕಿಗೆ ಹಿಡಿದಳು. ಬುಡದಲ್ಲಿ ಅಚ್ಚಾಗಿದ್ದ ವಿಳಾಸ ಓದಿ, ಇನ್ನೊಮ್ಮೆ ಓದಿ, ಕಣ್ಣರಳಿಸಿದಳು.

"ನಿಮ್ಮ ಕಾರ್ಖಾನೆ ಬೀದಿಯ ಬಾಗಿಲ ನಂಬರೆಲ್ಲ ಬದಲಾಯಿಸಿದ್ದು ಯಾವಾಗ?"

"ಹೋದ ವರ್ಷ. ಆಗಲೇ ಹೊಸ ಕಾಗದ ಅಚ್ಚು ಹಾಕಿಸಿದ್ವಿ."

"ಈ ರಾಜೀನಾಮೆಗೆ ತಾರೀಖು ಹೋದ ತಿಂಗಳದ್ದು. ಬುಡದಲ್ಲಿ ಹಳೇ ನಂಬರಿದೆ. ಡ್ರಾಯರಿನ ತಳದಲ್ಲಿ ಉಳಿದಿದ್ದ, ನೀನು ಆಗ ಸಹಿ ಹಾಕಿಟ್ಟ ಹಳೇ ಹಾಳೆ ಎಳೆದುಕೊಂಡಿದ್ದಾರೆ ಕಣೆ. ನಡಿ, ಈಗ ವಕೀಲರ ಹತ್ರ. ನಿನಗೆ ಅಂತಲೇ ಒಬ್ಬ ವಕೀಲರು."

ಆ ವಕೀಲೆಯ ಕಚೇರಿ ಒಂದು ಜೆರಾಕ್ಸ್ ಅಂಗಡಿಯ ಮೇಲಿತ್ತು. ಕಾಲಕ್ಕ ಕೂತ ತಕ್ಷಣ ಗೋಳು ತೋಡಿಕೊಳ್ಳಲು ಹೊರಟಳು. ವಕೀಲೆ ಕೈ ಅಡ್ಡ ಹಿಡಿದರು. "ಒಂದು ನಿಮಿಷ. ಏನೂ ಹೇಳ್ಬೇಡಿ. ನಿಮ್ಮ ತಮ್ಮನ ಹೆಸರು, ಕಂಪನಿ ಹೆಸರು, ಆ ದೊಡ್ಡ ಕಂಪನಿ ಹೆಸರು ಮಾತ್ರ ಕೊಡಿ. ಇವರಲ್ಲಿ ಯಾರಿಗಾದ್ರೂ ನಾನು ಕೆಲಸ ಮಾಡಿದ್ದೀನಾ ಅಂತ ಮೊದಲು ನೋಡ್ತೀನಿ. ಮಾಡಿದ್ರೆ ನಿಮ್ಮ ಕೇಸು ನಾನು ತಗೊಳ್ಳೋ ಹಾಗಿಲ್ಲ."

ನೋಡಿದರು, ಮಾಡಿರಲಿಲ್ಲ. ಆಮೇಲೆ ಒಂದು ಕಾಗದ ಬರೆದು ಮುಂದಿಟ್ಟರು. 'ನಾನು ನಿಮ್ಮೊಬ್ಬರ ಪರ. ನೀವು ನನಗೆ ಹೇಳಿದ್ದು ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಹೋಗುವುದಿಲ್ಲ.' ಕಾಲಕ್ಕ ಪ್ರತಿ ಪದದ ಕೆಳಗೆ ಬೆರಳಿಟ್ಟು ಓದಿದಳು. ಒಂದು ಕಾಗದವನ್ನು ಪೂರ್ತಿ ಓದಿ ಸಹಿ ಹಾಕಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಇಷ್ಟು ಸುಲಭದ ಮಾತನ್ನು ಮಾಮ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ, ತಾನು ಒಂದು ಸಲವೂ ಕೇಳಿರಲಿಲ್ಲ.

ಹದಿನೈದು ದಿನದ ಒಳಗೆ ಹೇಳಿದ್ದರೆ ಒಂದು ಅರ್ಜಿಯಲ್ಲಿ ಮುಗಿಯುತ್ತಿದ್ದ ಕೆಲಸ. ಈಗ ಹನ್ನೊಂದು ತಿಂಗಳು ಹಿಡಿಯಿತು. ನ್ಯಾಯಮಂಡಳಿಯಲ್ಲಿ ವಿಚಾರಣೆ, ಮುಂದೂಡಿಕೆ, ಮತ್ತೆ ವಿಚಾರಣೆ. ಮಾಮ ಕಪ್ಪು ಕೋಟು ಹಾಕಿಕೊಂಡು ಎದುರು ಬೆಂಚಿನಲ್ಲಿ ಕೂತು, ಅವಳು ನಂಬಿ ಹೇಳಿದ ಮಾತುಗಳನ್ನೇ ಉಪ್ಪು ಖಾರ ಹಚ್ಚಿ ಓದಿದರು. "ಗಿರಾಕಿಗಳನ್ನು ಕರೆತಂದು ಕಾರ್ಖಾನೆಗೆ ತೊಂದರೆ ಕೊಡುತ್ತೇನೆ ಅಂತ ಬೆದರಿಸಿದ್ದಾರೆ," ಅಂದರು.

ಈ ನಡುವೆ ಬ್ರೆಡ್ ಅಂಗಡಿಯಮ್ಮ ಒಂದು ದಿನ ಅವಳ ಮನೆಗೇ ಬಂದಳು. ಕಾರ್ಖಾನೆಯಲ್ಲಿ ಅವಳಿಗೆ 'ಮಧ್ಯಮ' ಕೊಟ್ಟಿದ್ದರು. ಕಾಲು ಬಿಚ್ಚಿ ತೋರಿಸಿದಳು. ಒಳಬದಿಯಲ್ಲಿ ಅಂಗೈ ಅಗಲ ಹುಣ್ಣು.

"ಒಲೆ ಮುಂದೆ ನಿಲ್ಲೋಕೆ ಆಗ್ತಿಲ್ಲ ಕಾಲಕ್ಕ. ನೀನೇ ಒಂದು ಮಾಡಿಕೊಡೇ."

"ಹೊಸ ಅಚ್ಚು ತೆಗೆಯೋಣ ಅಂದ್ರೆ ಹುಣ್ಣಿನ ಮೇಲೆ ಪ್ಲಾಸ್ಟರ್ ಹಾಕೋ ಹಾಗಿಲ್ಲ. ಹಳೇ ಅಚ್ಚು ಇದ್ದಿದ್ರೆ ಇವತ್ತೇ ಶುರು ಮಾಡ್ತಿದ್ದೆ. ಅದು ಒಳಗಿದೆ," ಅಂದಳು ಕಾಲಕ್ಕ. ಹುಣ್ಣು ತೊಳೆದು ಬಟ್ಟೆ ಕಟ್ಟಿ ಕಳಿಸಿದಳು. ಅವತ್ತು ಗಂಡ ಅದನ್ನು ಕಣ್ಣಾರೆ ನೋಡಿದ. ಅವನು ಪೂರ್ತಿ ಬದಲಾದದ್ದು ಅವತ್ತೇ. ಮುಂದಿನ ಪ್ರತಿ ವಿಚಾರಣೆಗೂ ಅಂಗಡಿ ಮುಚ್ಚಿ ಜೊತೆಗೆ ಬಂದ. ತನ್ನ ಅಂಗಡಿಯ ಪಾಲುದಾರ "ನಮ್ಮ ವಕೀಲರೇ ಬರೆದಿದ್ದು, ಸಹಿ ಹಾಕು" ಅಂತ ಒಂದು ಪತ್ರ ತಂದಾಗ, "ನಮ್ಮ ಅಂದ್ರೆ ಯಾರ?" ಅಂತ ಕೇಳಿ, ಪತ್ರವನ್ನು ಮನೆಗೆ ತಂದು ಭೂತಗನ್ನಡಿ ಹಾಕಿಕೊಂಡು ಓದಿದ.

ಕೊನೆಗೆ ಆದೇಶ ಬಂತು. ಹಾಳೆ ಹಳೆಯದು, ಮಾತು ಹೊಸದು, ರಾಜೀನಾಮೆ ಸುಳ್ಳು. ಕಾಲಕ್ಕನ ಹೆಸರು ಮತ್ತೆ ದಾಖಲೆಗೆ ಸೇರಬೇಕು. ಟೈಪಿಸ್ಟ್ ಕಣ್ಣೊರೆಸಿಕೊಂಡಳು. ಕಾಲಕ್ಕ ಆದೇಶದ ನಕಲು ಹಿಡಿದುಕೊಂಡು ಗಂಡನ ಜೊತೆ ಓಟದಲ್ಲೇ ಕಾರ್ಖಾನೆಗೆ ಹೋದಳು. ಕಾವಲಿನವನು ಕಾಗದ ನೋಡಿ ಬಾಗಿಲು ತೆಗೆದ. ಅವಳು ಹಜಾರ ದಾಟಿ ಅಚ್ಚಿನ ಕೋಣೆಯ ಬಾಗಿಲು ತಳ್ಳಿದಳು.

ಹಲಗೆಗಳಿರಲಿಲ್ಲ. ಒಂದು ಅಚ್ಚೂ ಇರಲಿಲ್ಲ. ಕೋಣೆಯ ನಡುವೆ ಹೊಸ ಯಂತ್ರ ಕೂತಿತ್ತು.

"ಅಚ್ಚುಗಳೆಲ್ಲಿ?" ಅಂತ ಕೇಳಿದಳು.

ಕಾವಲಿನವನು ಪಾಪ, ಏನೂ ಅರಿಯದವನು. "ಆ ಬಿಳೀ ಕಾಲುಗಳಾ ಅಮ್ಮ? ಯಂತ್ರ ಕೂರಿಸೋಕೆ ಅಡಿಪಾಯ ತೋಡಿದ್ರಲ್ಲ, ಗುಂಡಿ ತುಂಬೋಕೆ ಜಲ್ಲಿ ಸಾಲಲಿಲ್ಲ. ಅದನ್ನೇ ಒಡೆದು ಹಾಕಿದ್ರು. ನೀವು ನಿಂತಿದ್ದೀರಲ್ಲ, ಅಲ್ಲೇ ಕೆಳಗೆ."

ಮೂವತ್ತು ವರ್ಷದ ಕೆಲಸ ಅದು, ಅಪ್ಪನದೂ ಅವಳದೂ ಸೇರಿ. ಕಾನೂನು ಅವಳ ಹೆಸರನ್ನು ವಾಪಸ್ ಕೊಟ್ಟಿತು. ಅಚ್ಚುಗಳನ್ನು ಯಾವ ಕಾನೂನು ವಾಪಸ್ ಕೊಡುತ್ತದೆ? ಕಾಲಕ್ಕ ಅಳಲೂ ಇಲ್ಲ. ಗಂಡನ ತೋಳು ಹಿಡಿದುಕೊಂಡು ಹೊರಗೆ ಬಂದಳು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಸುಳ್ಳು ಕಾಗದ ಸಲ್ಲಿಸಿದ್ದು ಯಾರು ಅಂತ ಕಚೇರಿಯವರು ವಿಚಾರಣೆ ಶುರು ಮಾಡಿದರು. ಅದಾಗಿ ಹತ್ತೇ ದಿನಕ್ಕೆ ಒಂದು ಮಧ್ಯಾಹ್ನ ತಮ್ಮ ಅಕ್ಕನ ಮನೆ ಬಾಗಿಲಿಗೆ ಬಂದ. ಗಡ್ಡ ಬೋಳಿಸಿರಲಿಲ್ಲ. ಒಳಗೆ ಬಾ ಅಂತ ಯಾರೂ ಕರೆಯಲಿಲ್ಲ, ಹೊಸ್ತಿಲ ಆಚೆಯೇ ನಿಂತ.

"ಅಕ್ಕಾ, ಮಾಮ ನನ್ನ ಕೈ ಬಿಟ್ಟುಬಿಟ್ರು. 'ಡೈರೆಕ್ಟರ್ ತಂದುಕೊಟ್ಟ ಕಾಗದ ನಾನು ಸಲ್ಲಿಸಿದೆ, ಅದು ಸುಳ್ಳಾದ್ರೆ ಅವರ ಜವಾಬ್ದಾರಿ' ಅಂತ ಬರೆದುಕೊಟ್ಟಿದ್ದಾರೆ. ಹಾಳೆ ತಗೊಂಡು ಬಾ ಅಂತ ಹೇಳಿಕೊಟ್ಟವರೇ ಅವರು! ಕೇಳಿದ್ರೆ, ನಾನು ಕಂಪನಿ ವಕೀಲ, ನಿಮ್ಮ ವಕೀಲ ಅಲ್ಲ ಅಂತಾರೆ. ನಾನು ಅವರ ಹತ್ರ ಏನೇನೋ ಹೇಳಿಬಿಟ್ಟಿದ್ದೀನಿ ಅಕ್ಕ. ಎಲ್ಲಾ ಹೇಳಿಬಿಟ್ಟಿದ್ದೀನಿ."

ಅವಳಿಗೆ ಉಗಿದು ಕಳಿಸುವಷ್ಟು ಸಿಟ್ಟಿತ್ತು. ಹನ್ನೊಂದು ತಿಂಗಳಿಂದ ಕೂಡಿಟ್ಟ ಮಾತೆಲ್ಲ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವನು ಇನ್ನೊಂದು ಮಾತು ಕೇಳಿದ.

"ನಿನ್ನ ವಕೀಲರ ಹತ್ರ ಒಂದು ಸಲ ಕರ್ಕೊಂಡು ಹೋಗು ಅಕ್ಕ. ನಡೆದದ್ದೆಲ್ಲ ಅವರಿಗೆ ಹೇಳಿಬಿಡ್ತೀನಿ. ಏನಾದ್ರೂ ದಾರಿ ತೋರಿಸ್ತಾರೆ."

ಕರೆದುಕೊಂಡು ಹೋಗಬಹುದಿತ್ತು. ಅವನೇ ಬಂದು, ಅವನೇ ಬಾಯಿ ಬಿಟ್ಟು, ಅವಳ ವಕೀಲೆಯ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದ. ಮಾಮ ಅವಳಿಗೆ ಮಾಡಿದ್ದನ್ನೇ ಅವಳು ತಮ್ಮನಿಗೆ ಮಾಡಬಹುದಿತ್ತು.

"ಬೇಡ ಕಣೋ," ಅಂದಳು. "ಅವರು ನನ್ನ ವಕೀಲರು, ನಿನ್ನವರಲ್ಲ. ಅವರ ಹತ್ರ ನೀನು ಆಡಿದ ಒಂದೊಂದು ಮಾತೂ ನನ್ನ ಕೈಗೆ ಬರುತ್ತೆ, ನಿನ್ನ ಮೇಲೇ ಬೀಳುತ್ತೆ. ಯಾರ ಹತ್ರಾನೂ ಏನೂ ಹೇಳ್ಬೇಡ. ಹೋಗು, ಮೊದಲು ನಿನಗೆ ಅಂತ ಒಬ್ಬರನ್ನ ಹುಡುಕ್ಕೋ."

ಇಷ್ಟು ಹೇಳಿ ಬಾಗಿಲು ಹಾಕಿಕೊಂಡಳು. ಮಾಮ ಅವಳಿಗೆ ಹೇಳಬೇಕಾಗಿದ್ದ ಮಾತು ಅದು. ಅನ್ಯಾಯ ಮಾಡಿದ ತಮ್ಮನಿಗೆ ಅವಳು ಅದನ್ನು ಹೇಳಿದಳು. ಅವನನ್ನು ಕ್ಷಮಿಸಿಲ್ಲ. ಇಬ್ಬರ ನಡುವೆ ಇವತ್ತಿಗೂ ಮಾತಿಲ್ಲ. ಮಾಮನ ಮೇಲೆ ವಕೀಲರ ಮಂಡಳಿಗೆ ದೂರು ಕೊಟ್ಟಿದ್ದಾಳೆ, ಅದಿನ್ನೂ ನಡೆಯುತ್ತಿದೆ. ಹೊಸ ಅಚ್ಚು ತೆಗೆಯಲು ಬ್ರೆಡ್ ಅಂಗಡಿಯಮ್ಮನ ಹುಣ್ಣು ಮಾಗಲಿ ಅಂತ ಕಾಯುತ್ತಿದ್ದಾಳೆ.

ಈಗ ನಿಮ್ಮ ಸರದಿ. ಅಣ್ಣ ತಮ್ಮ, ಗಂಡ ಹೆಂಡತಿ, ಗೆಳತಿಯರು ಸೇರಿ ಕಂಪನಿ ಮಾಡಿದ್ದೀರಾ? ಬಹಳ ಸಂತೋಷ. ನಾಳೆ ಬೆಳಗ್ಗೆ ನಿಮ್ಮ ಕಂಪನಿಯ ವಕೀಲರ ಹತ್ತಿರ ಹೋಗಿ, ಕಾಫಿ ಕುಡಿಯುವ ಮುಂಚೆ ಒಂದು ಪ್ರಶ್ನೆ ಕೇಳಿ: "ನೀವು ನನ್ನ ಪರವೋ, ಕಂಪನಿಯ ಪರವೋ?" ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಕಂಪನಿಯ ಪರ ಅಂದರೆ ಅದರಲ್ಲಿ ತಪ್ಪೇನಿಲ್ಲ, ಅದು ಅವರ ಕೆಲಸ. ಆದರೆ ನಿಮ್ಮ ಮನಸ್ಸಿನ ಗುಟ್ಟನ್ನು, ಪಾಲುದಾರರ ಜೊತೆಗಿನ ಜಗಳವನ್ನು ಅಲ್ಲಿ ಬಿಚ್ಚಬೇಡಿ. ಅದಕ್ಕೆ ನಿಮಗೆ ಅಂತ ಬೇರೆ ವಕೀಲರು ಬೇಕು. ಖಾಲಿ ಹಾಳೆಗೆ ದೇವರೇ ಬಂದು ಕೇಳಿದರೂ ಸಹಿ ಹಾಕಬೇಡಿ. ಡ್ರಾಯರಿನಲ್ಲಿ ಈಗಾಗಲೇ ಸಹಿ ಹಾಕಿಟ್ಟ ಹಾಳೆಗಳಿದ್ದರೆ ಇವತ್ತೇ ಹರಿದು ಹಾಕಿ. ನೋಂದಣಿ ಕಚೇರಿಗೆ ಹೋಗಿ ನಿಮ್ಮ ಹೆಸರಿನ ಮುಂದೆ ಯಾರ ಫೋನ್ ನಂಬರಿದೆ ಅಂತ ನಿಮ್ಮ ಕಣ್ಣಿನಲ್ಲೇ ನೋಡಿ. ಆಕ್ಷೇಪಣೆಗೆ ಎಷ್ಟು ದಿನ ಅವಕಾಶ, ನಿಯಮ ಏನು, ಇವು ಒಂದೊಂದು ಕಡೆ ಒಂದೊಂದು ಥರ ಇರಬಹುದು. ಕೇಳಿ ತಿಳಿದುಕೊಳ್ಳಿ.

ವಕೀಲರೇ, ನೀವೂ ಓದುತ್ತಿದ್ದರೆ ನಿಮಗೂ ಒಂದು ಮಾತು. ಎದುರು ಕೂತವರು ನಿಮ್ಮನ್ನು ಮಾಮ ಅಂತಲೋ ಅಣ್ಣ ಅಂತಲೋ ಕರೆದು ಬಾಯಿ ಬಿಡುವ ಮುಂಚೆ, ನೀವು ಯಾರ ಪರ ಅಂತ ನೀವೇ ಹೇಳಿ.

ಹೀಗೆಲ್ಲ ಕೇಳಿದರೆ ಅವರಿಗೆ ಬೇಜಾರಾಗುತ್ತದೆ, ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ ಅಂತ ನಿಮಗೆ ಸಂಕೋಚವಾಗಬಹುದು. ಆಗಲಿ. ಸಂಕೋಚ ಒಂದು ದಿನಕ್ಕೆ ಹೋಗುತ್ತದೆ. ಒಡೆದು ನೆಲಕ್ಕೆ ತುಂಬಿದ್ದನ್ನು ಯಾವ ಆದೇಶವೂ ಎತ್ತಿ ಕೊಡುವುದಿಲ್ಲ. ಕೇಳಿಬಿಡಿ.